ತಪಾಸಣೆಯ ಸಾಹೇಬರು ಬಿಟ್ಟ ಖಾಲಿ ಜಾಗ

ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ನಾನು ಬರೆಯುತ್ತಿದ್ದ ಪುಟದ ಮೇಲೆ ಒಂದು ಚಿಟಿಕೆಯಷ್ಟು ಬೂದು ಮಣ್ಣು ಬಿತ್ತು. ವೇಳೆ ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ತಪಾಸಣೆಗೆ ಬಂದಿದ್ದ ನಮ್ಮ ಸಾಹೇಬರು ಆಗತಾನೆ ದಫ್ತರದ ಕೋಣೆಯಿಂದ ಪಕ್ಕದ ಕೋರ್ಟು ಹಾಲಿನ ಕಡೆ ನೋಡಿ, ಕೋಟಿನ ಜೇಬಿನಿಂದ ಗಡಿಯಾರ ತೆಗೆದು, "ನ್ಯಾಯಾಧೀಶರು ಪೀಠಕ್ಕ ಬಂದ ವ್ಯಾಳ್ಯಾ ಬರಕೋ" ಎಂದಿದ್ದರು. ನಾನು ಬರೆದ ಅಂಕಿಯ ಮೇಲೆಯೇ ಮಣ್ಣು ಬಿತ್ತು. ಊದಿದೆ. ಮತ್ತೆ ಬಿತ್ತು.

"ಇಲಿ ಸಾಹೇಬ್ರ," ಎಂದರು ಆ ಕೋರ್ಟಿನ ನಾಜರರು. ಸಮನ್ಸು, ಸಾಮಾನು, ಸಿಪಾಯಿಗಳ ಉಸ್ತುವಾರಿ ಎಲ್ಲ ಅವರದು. "ಸಂಸ್ಥಾನದ ಕಾಲದ ಇಲಿ ಅವು. ವಿಲೀನಕ್ಕ ಇನ್ನೂ ಒಪ್ಪಿಲ್ಲ."

ನಾವೆಲ್ಲ ನಕ್ಕೆವು. ಸಾಹೇಬರೂ ನಕ್ಕರು. ನಗದವನು ಒಬ್ಬನೇ, ಬಾಗಿಲ ಬಳಿ ನಿಂತಿದ್ದ ದಫ್ತರದ ಗುರುಪಾದಪ್ಪ. ಅವನು ಮೇಲೆ ನೋಡುತ್ತಿದ್ದ.

ಹೋದ ತಿಂಗಳು ಸಾಹೇಬರು ತೀರಿಕೊಂಡರೆಂದು ಅವರ ಮಗಳ ಕಾರ್ಡು ಬಂತು. ಅಂದಿನಿಂದ ನನ್ನ ಕಣ್ಣ ಮುಂದೆ ಆ ಮಣ್ಣು ಮತ್ತೆ ಬೀಳತೊಡಗಿದೆ. ಅವರ ಹೆಸರು ಬರೆಯುವುದಿಲ್ಲ. ಹೆಸರು ಬರೆಸಿಕೊಳ್ಳುವುದು ಅವರಿಗೆ ಸೇರುತ್ತಿರಲಿಲ್ಲ. ಆ ಕೋರ್ಟು ಯಾವ ಊರಿನದೆಂದೂ ಹೇಳುವುದಿಲ್ಲ. ಅಲ್ಲಿ ಕೆಲಸ ಮಾಡಿದವರ ಮಕ್ಕಳು ಮೊಮ್ಮಕ್ಕಳು ಇನ್ನೂ ಅದೇ ಓಣಿಗಳಲ್ಲಿದ್ದಾರೆ.

ಆಗಿನ ಸ್ಥಿತಿಯನ್ನು ಈಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಗದಗು, ಮುಂಡರಗಿ ಮುಂಬೈ ಸರಕಾರದ ಕೈಕೆಳಗಿದ್ದವು. ಲಕ್ಷ್ಮೇಶ್ವರ, ಶಿರಹಟ್ಟಿ ಸಂಸ್ಥಾನಗಳಿಗೆ ಸೇರಿದ್ದವು. ಬಸ್ಸಿನಲ್ಲಿ ಒಂದು ತಾಸು ಕೂತರೆ ಸರಕಾರವೇ ಬದಲಾಗುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನಗಳು ವಿಲೀನವಾದವು. ಅವುಗಳ ಕೋರ್ಟುಗಳು, ಗುಮಾಸ್ತರು, ಹಳೆಯ ಮರಾಠಿಯ ಮೋಡಿ ಅಕ್ಷರದ ಕಾಗದಗಳು, ಮುಗಿಯದ ದಾವೆಗಳು ಎಲ್ಲವೂ ಒಮ್ಮೆಗೇ ನಮ್ಮ ಕಡೆಗೆ ಬಂದವು. ಯಾವ ಕೋರ್ಟು ಉಳಿಯಬೇಕು, ಯಾವುದನ್ನು ಮುಚ್ಚಿ ಗದಗಿಗೆ ಸೇರಿಸಬೇಕು, ಹಳೆಯ ನೌಕರರಲ್ಲಿ ಯಾರನ್ನು ಇಟ್ಟುಕೊಳ್ಳಬೇಕು ಎಂದು ನೋಡಿ ವರದಿ ಕೊಡಲು ಸಾಹೇಬರನ್ನು ನೇಮಿಸಿದ್ದರು. ನಾನು ಧಾರವಾಡದ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಅವರ ಗುಮಾಸ್ತನಾಗಿ ಸೇರಿದ್ದೆ.

ಸಾಹೇಬರು ಸಣಕಲು ಆಳು. ಮೊಣಕೈ ಸವೆದ ಕರಿ ಕೋಟು, ಬಗಲಲ್ಲಿ ಛತ್ರಿ, ಚೀಲದಲ್ಲಿ ಒಂದು ಹಿತ್ತಾಳೆಯ ಲೋಟ. ಯಾವ ಕೋರ್ಟಿಗೆ ಹೋದರೂ ಮೊದಲು ಒಳಗೆ ಹೋಗುತ್ತಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕಕ್ಷಿದಾರರ ನಡುವೆ ಕೂತು ಲೋಟ ಹೊರಗೆ ತೆಗೆಯುತ್ತಿದ್ದರು. ಒಳಗಿನಿಂದ ಹೆಡ್ ಗುಮಾಸ್ತರು ಓಡಿ ಬಂದು, "ಸಾಹೇಬ್ರ, ಒಳಗ ಬರ್ರಿ, ಚಾ ತರಸೇನಿ" ಎನ್ನುವರು.

"ಚಾ ಆಮ್ಯಾಲೆ. ಮಂದಿಗೆ ಕುಡಿಯೋ ನೀರು ಎಲ್ಲೈತಿ?"

ನೀರಿನ ಕೊಡ ಇಲ್ಲದಿದ್ದರೆ ವರದಿಯ ಮೊದಲ ಸಾಲು ಅದೇ ಆಗುತ್ತಿತ್ತು. ನ್ಯಾಯಾಧೀಶರ ಓದು, ತೀರ್ಪುಗಳ ಗುಣ ಎಲ್ಲ ಆಮೇಲೆ.

ಒಮ್ಮೆ ಕಟ್ಟೆಯ ಮೇಲೆ ಅಂತೂರ ಬೆಂತೂರಿನ ಒಬ್ಬ ಅಜ್ಜಿ ಕೂತಿದ್ದಳು. ಸಾಹೇಬರು ಎಲ್ಲರಿಗೂ ಕೇಳುತ್ತಿದ್ದ ಪ್ರಶ್ನೆಯನ್ನೇ ಅವಳಿಗೂ ಕೇಳಿದರು. "ಎಷ್ಟನೇ ಸಲ ಬಂದಿ ಬೇ?"

"ಎಣಿಸಾಕ ಎಲ್ಲಿ ಬರತೈತೋ ಎಪ್ಪಾ. ಮೊದಲ ಬಂದಾಗ ಈ ಬೇವಿನ ಗಿಡ ನನ್ನ ನಡುಮಟ ಇತ್ತು. ಈಗ ಇದರ ನೆಳ್ಳಾಗ ಕುಂತೀನಿ."

ಸಾಹೇಬರು ನನ್ನ ಕೈಗೆ ಹಗ್ಗ ಕೊಟ್ಟು ಗಿಡ ಹತ್ತಿಸಿದರು. ಬಿ.ಎ. ಓದಿದ ನಾನು ವಕೀಲರೆಲ್ಲ ನೋಡುತ್ತಿರುವಾಗ ಬೇವಿನ ಗಿಡದ ಎತ್ತರ ಅಳೆದೆ. ಅದು ವರದಿಯಲ್ಲಿ ಹೋಯಿತು. ಮೇಲಧಿಕಾರಿಗಳು ಅಂಚಿನಲ್ಲಿ 'ಇದೇನು?' ಎಂದು ಗುರುತು ಮಾಡಿ ಕಳಿಸಿದರು. ಸಾಹೇಬರು ಅದರ ಕೆಳಗೆ 'ದಾವೆಯ ವಯಸ್ಸು' ಎಂದು ಬರೆದು ತಿರುಗಿ ಕಳಿಸಿದರು.

ಅವರಿಗೆ ಎರಡು ಹಟಗಳಿದ್ದವು. ಒಂದು, ಗೊತ್ತಿಲ್ಲದ್ದನ್ನು ಎಂದೂ ತುಂಬುತ್ತಿರಲಿಲ್ಲ. "ಚಂದ ಮಾಡಿ ಬರೀಬ್ಯಾಡ. ಗೊತ್ತಿಲ್ಲಂದ್ರ ಜಾಗಾ ಖಾಲಿ ಬಿಡು. ಗೊತ್ತಾದಾಂವ ತುಂಬತಾನ" ಎನ್ನುವರು. ಅವರ ಕರಡುಗಳಲ್ಲಿ ಎರಡು ಬೆರಳಗಲದ ಖಾಲಿ ಜಾಗಗಳು ಅಲ್ಲಲ್ಲಿ ಇದ್ದೇ ಇರುತ್ತಿದ್ದವು. ಇನ್ನೊಂದು, ತಪಾಸಣೆಗೆ ಹೇಳದೇ ಹೋಗಬೇಕು. "ಹೇಳಿ ಹೋದ್ರ ನಾವು ಬೀಗರು. ಹೋಳಿಗೆ ಮಾಡಿ ಇಟ್ಟಿರತಾರ" ಎನ್ನುತ್ತಿದ್ದರು. ಯಾವ ದಿನ ಯಾವ ಊರು ಎನ್ನುವುದು ಅವರ ಡೈರಿಯಲ್ಲಿ ಮಾತ್ರ ಇರುತ್ತಿತ್ತು. ಆ ಡೈರಿ ನನ್ನ ಹತ್ತಿರ ಇರುತ್ತಿತ್ತು.

ನನ್ನ ತಪ್ಪು ನಡೆದದ್ದು ಇಲ್ಲಿ.

ನಾನು ಹೇಳುತ್ತಿರುವ ಕೋರ್ಟಿಗೆ ನಾವು ಮೊದಲೊಮ್ಮೆ ಕಾಗದಗಳ ಪಟ್ಟಿ ಮಾಡಲು ಹೋಗಿದ್ದೆವು. ಹಳೆಯ ವಾಡೆಯ ಒಂದು ಭಾಗದಲ್ಲಿ ಕೋರ್ಟು. ಮೇಲೆ ಮಣ್ಣು ಹಾಸಿದ ಮಾಳಿಗೆಯ ಸೂರು, ಅದರ ಕೆಳಗೆ ಹಲಗೆಯ ಅಟ್ಟ. ಕಾಗದಗಳನ್ನೆಲ್ಲ ಕೆಂಪು ಬಟ್ಟೆಯ ರುಮಾಲುಗಳಲ್ಲಿ ಗಂಟು ಕಟ್ಟಿ ಇಟ್ಟಿದ್ದರು. ಅವನ್ನು ನೋಡಿಕೊಳ್ಳುತ್ತಿದ್ದವನು ಗುರುಪಾದಪ್ಪ, ಬೆಟಗೇರಿಯವನು. ನಡೆಯುತ್ತಿರುವ ದಾವೆಗೆ ಅವನು ಹಾಕುತ್ತಿದ್ದುದು ಎಳೆದರೆ ಬಿಚ್ಚುವ ಗಂಟು. ಮುಗಿದ ದಾವೆಗೆ ಬಿಗಿ ಗಂಟು. ಕತ್ತಲ ಕೋಣೆಯಲ್ಲಿ ಬೆರಳಿಂದ ಮುಟ್ಟಿಯೇ ಯಾವುದು ಯಾವುದೆಂದು ಹೇಳುತ್ತಿದ್ದ. ಸಾಹೇಬರು ಯಾರನ್ನೂ ಹೊಗಳಿದವರಲ್ಲ. ಅವತ್ತು ಮಾತ್ರ, "ಈ ಪದ್ಧತಿ ಎಲ್ಲಾ ಕೋರ್ಟಿಗೂ ಬರಬೇಕಲೇ" ಎಂದರು. ಗುರುಪಾದಪ್ಪ ನಾಚಿ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ.

ಆ ಮೇಲೆ ಕೆಲವು ವಾರಗಳಿಗೆ ಅಲ್ಲಿಯ ನಾಜರರು ಸ್ಟಾಂಪು ಕಾಗದ ಒಯ್ಯಲು ಗದಗಿಗೆ ಬಂದವರು ಸ್ಟೇಷನ್ ರಸ್ತೆಯಲ್ಲಿ ನನಗೆ ಸಿಕ್ಕರು. "ಬಿ.ಎ. ಆದವ್ರು ನಮ್ಮಂಥವ್ರ ಕೂಡ ಚಾ ಕುಡೀತೀರೇನ್ರಿ?" ಎಂದರು. ಚಹದ ಜೊತೆ ಗಿರಮಿಟ್ಟು, ಮಿರ್ಚಿ ಬಂದವು. ಊರಿನ ಕೋರ್ಟು ಹೋಗುತ್ತದೆಂದು ಎಲ್ಲರೂ ಹೆದರಿದ್ದಾರೆ, ಬಾಕಿ ದಾವೆ ಹೆಚ್ಚಿದ್ದರೆ ಮುಚ್ಚುತ್ತಾರಂತೆ, ಹಳೆಯ ನೌಕರರೆಲ್ಲ ಬೀದಿಗೆ ಬೀಳುತ್ತಾರಂತೆ ಎಂದು ಹೇಳಿಕೊಂಡರು. "ಸಾಹೇಬ್ರಿಗೆ ಕೈಕಾಲು ಎಲ್ಲಾ ನೀವ ಅಂತ ಕೇಳೀನ್ರಿ" ಎಂದೂ ಸೇರಿಸಿದರು. ನನಗೆ ಆ ಮಾತು ಗಿರಮಿಟ್ಟಿಗಿಂತ ರುಚಿಸಿತು.

"ಬುಧವಾರ ಎಲ್ಲೂ ಹೋಗಬ್ಯಾಡ್ರಿ. ಅಷ್ಟ ಹೇಳತೀನಿ," ಎಂದೆ.

ಅಷ್ಟೇ ಹೇಳಿದ್ದು. ಯಾರೂ ನನ್ನಿಂದ ಬಲವಂತವಾಗಿ ಹೇಳಿಸಲಿಲ್ಲ.

ಸೋಮವಾರ, ಮಂಗಳವಾರ ಆ ಕೋರ್ಟಿನವರು ಮಾಡಿದ್ದು ಇದು. ವರ್ಷಗಟ್ಟಲೆ ಎಳೆದ ದಾವೆಗಳ ರುಮಾಲುಗಳನ್ನು ಕಪಾಟುಗಳಿಂದ ಇಳಿಸಿ, ಎಳೆಗಂಟು ಬಿಚ್ಚಿ ಬಿಗಿ ಗಂಟು ಹಾಕಿ, ಮುಗಿದ ದಾವೆಗಳ ನಡುವೆ ಸೇರಿಸಲು ಅಟ್ಟಕ್ಕೆ ಏರಿಸಿದರು. ಸಾಹೇಬರು ಗಂಟಿನ ಪದ್ಧತಿಯನ್ನು ಹೊಗಳಿದ್ದರಲ್ಲ, ಬಿಗಿ ಗಂಟು ಕಂಡರೆ ಬಿಚ್ಚಿ ನೋಡುವುದಿಲ್ಲ ಎಂದು ಲೆಕ್ಕ ಹಾಕಿದ್ದರು. ಅದಕ್ಕೆ ಹಿಂದಿನ ವಾರವೆಲ್ಲ ಉತ್ತರಿ ಮಳೆ ಸುರಿದು ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಗಿತ್ತು. ಅಟ್ಟದ ತೊಲೆಯೂ ಮಾಳಿಗೆಯ ಕಂಬವೂ ಒಂದಕ್ಕೊಂದು ಆನಿಕೊಂಡಿದ್ದವು. ಇದೆಲ್ಲ ಆಮೇಲೆ ತಿಳಿದದ್ದು.

ಬುಧವಾರ ನಾಜರರ ಇಲಿಯ ಮಾತಿಗೆ ನಾವು ನಗುತ್ತಿದ್ದಾಗ ಗುರುಪಾದಪ್ಪ ಎರಡು ಹೆಜ್ಜೆ ಮುಂದೆ ಬಂದ.

"ಸಾಹೇಬ್ರ, ಏಳ್ರಿ."

"ಯಾಕೋ?"

"ಏಳ್ರಿ ಅಂದ್ರ ಏಳ್ರಿ!"

ಸಾಹೇಬರ ರಟ್ಟೆ ಹಿಡಿದು ಎಳೆದ. ಬಾಗಿಲಾಚೆ ದೂಡಿಯೇ ಬಿಟ್ಟ. ನಾನು ಆಗಲೇ ಅಂಗಳದಲ್ಲಿದ್ದೆ. ಹೇಗೆ ಬಂದೆ ಎನ್ನುವುದು ಇಂದಿಗೂ ನೆನಪಿಗೆ ಬರುವುದಿಲ್ಲ. ಎಷ್ಟು ಸಲ ನೆನೆದರೂ ಕುರ್ಚಿಯಿಂದ ಅಂಗಳದವರೆಗಿನ ಹಾದಿ ಸಿಗುವುದಿಲ್ಲ. ತಿರುಗಿ ನೋಡಿದಾಗ ನಾಜರರು ಕಿಟಕಿಯ ಹತ್ತಿರ ರಜಿಸ್ಟರು ಎದೆಗವಚಿಕೊಂಡು ಕಲ್ಲಿನ ಹಾಗೆ ನಿಂತಿದ್ದರು. ಗುರುಪಾದಪ್ಪ ಅವರಿಗಾಗಿ ಮತ್ತೆ ಒಳಗೆ ಹೋದ. ಅವರನ್ನು ಬಾಗಿಲ ಕಡೆ ನೂಕಿದ. ನಾಜರರು ಹೊರಗೆ ಬಂದು ಬಿದ್ದರು. ಗುರುಪಾದಪ್ಪ ಇನ್ನೂ ಒಳಗಿದ್ದ. ಆಗ ದೊಡ್ಡ ಬಟ್ಟೆ ಹರಿದಂತೆ ಒಂದು ಸದ್ದು. ಆಮೇಲೆ ಧೂಳು. ಧೂಳಿನೊಳಗಿಂದ ಕೆಂಪು ರುಮಾಲುಗಳು ಒಂದೊಂದಾಗಿ ಉರುಳಿ ಹೊಸ್ತಿಲ ತನಕ ಬಂದವು.

ತಾರೀಖಿಗೆ ಬಂದವರೆಲ್ಲ ಓಡಿ ಬಂದರು. ಒಂದು ಗೋಡೆಗಾಗಿ ಹತ್ತು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ತೊಲೆಯ ಎರಡು ತುದಿ ಹಿಡಿದು, "ನೀ ಆ ಕಡೆ ಎತ್ತಲೇ" "ನೀ ಮೊದಲ ಕೈ ತಗಿಯಲೇ" ಎಂದು ಬೈದಾಡುತ್ತಲೇ ಎತ್ತಿದರು. (ಮರುತಿಂಗಳು ಅದೇ ಗೋಡೆಗಾಗಿ ಮತ್ತೆ ಹಾಜರಾದರು.) ಸಾಹೇಬರು ಕೋಟು ಬಿಚ್ಚಿಟ್ಟು ಮಣ್ಣಿನಿಂದ ರುಮಾಲು ತೆಗೆದು ತೆಗೆದು ಹಿಂದಕ್ಕೆ ಕೊಡುತ್ತಿದ್ದರು. ಒಂದು ಗಂಟು ಹರಿದಿತ್ತು. ಅವರು ಮೇಲಿನ ಹಾಳೆ ನೋಡಿದರು. ಇನ್ನೊಂದರ ಬಿಗಿ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದರು. ಎಲ್ಲ ಅರ್ಥವಾಗಿ ಹೋಯಿತು. "ಹೂಂ," ಎಂದರು. ಮತ್ತೆ ಅಗೆಯತೊಡಗಿದರು.

ಗುರುಪಾದಪ್ಪ ಜೀವಂತ ಸಿಕ್ಕ. ಶೇಂಗಾ ಚೀಲದ ಲಾರಿಯಲ್ಲಿ ಗದಗಿನ ದವಾಖಾನೆಗೆ ಒಯ್ದೆವು. ಬಲಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ.

ಹತ್ತು ದಿನಗಳ ನಂತರ ಸಾಹೇಬರು ಅವನ ಹೇಳಿಕೆ ಪಡೆಯಲು ಹೋದರು. ಬರೆದುಕೊಳ್ಳುವವನು ನಾನು. ಅದಕ್ಕೂ ಮೊದಲೇ ನಾಜರರು ಬರವಣಿಗೆಯಲ್ಲಿ ಕೊಟ್ಟಿದ್ದರು: ಗಂಟು ಕಟ್ಟುವವನು ದಫ್ತರದವನು, ಅಟ್ಟಕ್ಕೆ ಏರಿಸಿದವನೂ ಅವನೇ, ತಮಗೆ ಏನೂ ತಿಳಿಯದು.

"ಗಂಟು ನಂದ ಸಾಹೇಬ್ರ," ಎಂದ ಗುರುಪಾದಪ್ಪ. "ಬಿಗದಾಂವ ನಾನ."

"ಯಾರು ಬಿಗಿ ಅಂದ್ರು?"

"ಯಾರ ಅಂದ್ರೇನ್ರಿ, ಕೈ ನಂದಲ್ಲ?"

"ನಾವು ಬುಧವಾರ ಬರತೀವಿ ಅಂತ ಹೆಂಗ ತಿಳೀತು?"

ಅವನು ಒಂದು ಸಲ ನನ್ನನ್ನು ನೋಡಿದ. ಆಮೇಲೆ ಗೋಡೆ ನೋಡಿದ. "ಖಬರ ಬಂತ್ರಿ," ಎಂದ.

ಅದನ್ನು ನಾನೇ ಬರೆದುಕೊಂಡೆ. ಅಕ್ಷರ ಕೆಡಲಿಲ್ಲ. ಅದಕ್ಕೇ ನನ್ನ ಮೇಲೆ ನನಗೆ ಹೇಸಿಗೆಯಾಯಿತು.

ಆ ದಿನಗಳಲ್ಲಿ ನಿದ್ದೆ ಅನ್ನುವುದು ನನ್ನ ಪಾಲಿಗೆ ಇರಲಿಲ್ಲ. ಕಣ್ಣು ಮುಚ್ಚಿದರೆ ಮುಖದ ಮೇಲೆ ಮಣ್ಣು ಬಿದ್ದಂತಾಗಿ ಎದ್ದು ಕೂರುತ್ತಿದ್ದೆ. ಸೂರಿನ ಕೆಳಗೆ ಮಲಗಲಾರದೆ ಹಾಸಿಗೆಯನ್ನು ಅಂಗಳಕ್ಕೆ ತಂದುಕೊಂಡೆ. ಆಕಾಶದಿಂದಲೂ ಏನಾದರೂ ಬಿದ್ದೀತೆಂದು ನೋಡುತ್ತ ಬೆಳಗು ಮಾಡುತ್ತಿದ್ದೆ.

ಒಂದು ಮಧ್ಯಾಹ್ನ ಸಾಹೇಬರು ವರದಿಯ ಕರಡು ನನ್ನ ಮುಂದೆ ಇಟ್ಟರು. "ಶುದ್ಧಪ್ರತಿ ಮಾಡು. ಅವಸರ ಇಲ್ಲ." ಅವಸರ ಇಲ್ಲ ಎಂಬ ಮಾತನ್ನು ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ಏಳನೆಯ ಪುಟದಲ್ಲಿ ಹೀಗಿತ್ತು: 'ತಪಾಸಣೆಯ ದಿನ ಸದರಿ ಕೋರ್ಟಿಗೆ ಮುಂಚೆಯೇ ತಿಳಿದಿತ್ತು. ತಿಳಿಸಿದವರು' — ಅದರ ಮುಂದೆ ಎರಡು ಬೆರಳಗಲ ಖಾಲಿ ಜಾಗ.

"ಇದು... ಖಾಲಿ ಹೋಗಬೇಕೇನ್ರಿ?" ಎಂದು ಕೇಳಿದೆ.

"ಗೊತ್ತಿಲ್ಲಂದ್ರ ಖಾಲಿನ ಹೋಗತೈತಿ. ಆದ್ರ ಒಂದು ತಿಳಕೋ. ಆ ಜಾಗಾ ಖಾಲಿ ಹೋದ್ರ ಮ್ಯಾಲಿನವರು ಓದಿ ಗಂಟು ಕಟ್ಟಿದವನ್ನ ಹಿಡೀತಾರ. ಅವನ ನೌಕರಿ ಹೋಗತೈತಿ, ಪೆನ್ಶನ್ ಹೋಗತೈತಿ. ಕಾಲಂತೂ ಹೋತು."

ನಾಲ್ಕು ದಿನ ಆ ಕಾಗದಗಳನ್ನು ಚೀಲದಲ್ಲಿ ಹೊತ್ತು ತಿರುಗಿದೆ. ಆರು ಪುಟ ಬರೆಯುವುದು, ಏಳನೆಯದರಲ್ಲಿ ಅಲ್ಲಿಗೆ ಬಂದು ನಿಲ್ಲುವುದು, ಹರಿಯುವುದು. ನನಗೆ ಮನೆಯಲ್ಲಿ ಇಬ್ಬರು ತಂಗಿಯರು. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಸಾಹೇಬರಿಗೆ ಏನೂ ಗೊತ್ತಿಲ್ಲ, ನಾಜರರು ಬಾಯಿ ಬಿಡುವುದಿಲ್ಲ, ಗುರುಪಾದಪ್ಪ ಗೋಡೆ ನೋಡುತ್ತಾನೆ ಎಂದು ಲೆಕ್ಕ ಹಾಕುತ್ತಿದ್ದೆ. ಲೆಕ್ಕ ಪ್ರತಿ ಸಲವೂ ಸರಿಬರುತ್ತಿತ್ತು. ನಿದ್ದೆ ಮಾತ್ರ ಬರುತ್ತಿರಲಿಲ್ಲ. ಐದನೆಯ ದಿನ ಆ ಜಾಗದಲ್ಲಿ ನನ್ನ ಹೆಸರು ಬರೆದು ಅವರ ಮೇಜಿನ ಮೇಲಿಟ್ಟೆ.

ಅವರು ಮೊದಲ ಪುಟದಿಂದಲೇ ನಿಧಾನವಾಗಿ ಓದಿದರು. ಏಳನೆಯದಕ್ಕೆ ಬಂದಾಗ ಕನ್ನಡಕ ಮೇಲಕ್ಕೆತ್ತಿ, "ಇಲ್ಲಿ ಅಕ್ಷರ ಯಾಕ ಸಣ್ಣ ಆಗ್ಯಾವು?" ಎಂದರು.

"ನಿಮಗ ಮೊದಲ ಗೊತ್ತಿತ್ತೇನ್ರಿ?"

"ಆ ಡೈರಿ ನೋಡಿದವರು ಈ ಭೂಮಿ ಮ್ಯಾಲೆ ಇಬ್ಬರ. ನಾ ಅಂತೂ ಹೇಳಿಲ್ಲ."

"ಮತ್ತ ನೀವ ಯಾಕ ಬರೀಲಿಲ್ಲ?"

"ನಾ ಬರದ್ರ ಅದು ಸಂಶಯ. ನೀ ಬರದ್ರ ಸಾಕ್ಷಿ."

ನನ್ನ ಹೆಸರನ್ನು ಹೊಡೆದುಹಾಕಿ 'ಯಾರೋ' ಎಂದು ತಿದ್ದಿಯಾರು ಎಂಬ ಆಸೆ ನನ್ನೊಳಗೆ ಇತ್ತು. ಒಪ್ಪಿಕೊಂಡೆನಲ್ಲ, ಇನ್ನು ಬಿಟ್ಟಾರು ಅಂತ. ಅವರು ಬಿಡಲಿಲ್ಲ. ಪೆನ್ನು ತೆಗೆದುಕೊಂಡು ನನ್ನ ಹೆಸರಿನ ಕೆಳಗೆ ತಮ್ಮ ಕೈಯಿಂದ ಇನ್ನಷ್ಟು ಸೇರಿಸಿದರು: ಇವರು ನನ್ನ ಕೈಕೆಳಗಿನವರು, ಆದ್ದರಿಂದ ಹೊಣೆ ನನ್ನದೂ ಹೌದು. ಬಾಕಿ ಕಡಿಮೆ ತೋರಿಸುವ ಕೋರ್ಟು ಒಳ್ಳೆಯದು, ಹೆಚ್ಚು ತೋರಿಸುವ ಕೋರ್ಟು ಮುಚ್ಚಬೇಕಾದದ್ದು ಎಂಬ ಅಳತೆಗೋಲು ಹಿಡಿದುಕೊಂಡು ನಾವು ಊರೂರು ತಿರುಗಿದೆವು. ಆ ಅಟ್ಟಕ್ಕೆ ಭಾರ ಏರಿದ್ದು ಆ ಅಳತೆಗೋಲಿನಿಂದ. ದಫ್ತರದವನು ಮೂವರ ಜೀವ ಉಳಿಸಿದ್ದಾನೆ. ಅವನನ್ನು ಖಾಯಂ ಮಾಡಬೇಕು.

"ನಿನ್ನ ಹೆಸರು ಹಂಗ ಇರತೈತಿ," ಎಂದರು. "ನೋವಾತೇನು?"

"ಹೂಂ ರೀ."

"ಆಗಲಿ."

ನಾಜರರಿಗೆ ಏನೂ ಆಗಲಿಲ್ಲ. ಎಲ್ಲೇ ಕಂಡರೂ ನನ್ನನ್ನು ಚಹಕ್ಕೆ ಕರೆಯುತ್ತಿದ್ದರು. ನನಗೆ ಲಿಖಿತ ಎಚ್ಚರಿಕೆ ಸಿಕ್ಕಿತು, ಮುಂಡರಗಿಗೆ ನಕಲು ಬರೆಯುವ ಕೆಲಸಕ್ಕೆ ವರ್ಗವಾಯಿತು. ಸಾಹೇಬರ ಕೈಯಿಂದ ತಪಾಸಣೆಯನ್ನು ತೆಗೆದುಕೊಂಡರು. ಆರೇ ತಿಂಗಳಲ್ಲಿ ಮತ್ತೆ ಕೊಟ್ಟರು, ಏಕೆಂದರೆ ಮೋಡಿ ಓದಬಲ್ಲ ಬೇರೆ ಅಧಿಕಾರಿ ಸಿಗಲಿಲ್ಲ. ಅದಾದ ಮೇಲೆ ಅವರು ಹೇಳದೇ ಹೋಗುವುದನ್ನು ಬಿಟ್ಟರು. ಒಂದು ತಿಂಗಳು ಮೊದಲೇ ಕಾಗದ ಹಾಕುತ್ತಿದ್ದರು: 'ಇಂಥ ದಿನ ಬರುತ್ತೇನೆ. ಅತಿ ಹಳೆಯ ಬಾಕಿ ದಾವೆಗಳನ್ನು ಮೇಜಿನ ಮೇಲೆ ಇಡಿರಿ. ಎಷ್ಟಿದ್ದರೂ ಅಡ್ಡಿಯಿಲ್ಲ, ಯಾಕೆ ಎಂದು ಮಾತ್ರ ಹೇಳಿರಿ.' ಆ ಯಾಕೆಗಳಿಂದ ಅವರು ಕಲಿತದ್ದು ಹಿಂದಿನ ಎಲ್ಲ ರಜಿಸ್ಟರುಗಳಿಗಿಂತ ಹೆಚ್ಚು ಎಂದು ನನಗೊಮ್ಮೆ ಬರೆದಿದ್ದರು. ಬೇಲಿಫನಿಗೆ ಚಪ್ಪಲಿ ಇರಲಿಲ್ಲ, ಸಮನ್ಸು ಮುಟ್ಟಲಿಲ್ಲ. ಮೋಡಿ ಓದುವವನು ತೀರಿಕೊಂಡ, ಪತ್ರ ಹಾಗೇ ಉಳಿಯಿತು. ಇಂಥವೇ ಎಲ್ಲ.

ಏಕೀಕರಣವಾಗಿ ಈ ಊರುಗಳೆಲ್ಲ ಒಂದೇ ರಾಜ್ಯಕ್ಕೆ ಬಂದಾಗ ಅವರ ನಿವೃತ್ತಿಯೂ ಬಂತು. ಹೊಸ ರಾಜ್ಯಕ್ಕೆ ಒಪ್ಪಿಸಲು ದಫ್ತರಗಳ ಪಟ್ಟಿಯನ್ನು ಇನ್ನೊಮ್ಮೆ ಮಾಡುತ್ತಿದ್ದರು. ಅಭಿನಂದಿಸಲು ಹೋಗಿದ್ದೆ. ಪಟ್ಟಿಯಿಂದ ತಲೆಯೆತ್ತದೆ ಹೇಳಿದರು: "ರಾಜರು ಹೋದ್ರು, ಇಂಗ್ಲಿಷರು ಹೋದ್ರು, ಮುಂಬೈನೂ ಹೋತು. ಈ ದಾವೇದ ತಾರೀಖು ಮಾತ್ರ ಇನ್ನೂ ಮುಂದಕ್ಕ ಹೊಂಟೈತಿ ನೋಡು."

ಆದರೆ ಅವರನ್ನು ನೆನೆದಾಗ ಎದುರಿಗೆ ಬರುವುದು ಅದಕ್ಕೂ ಮೊದಲಿನ ಒಂದು ಭಾನುವಾರ. ನಾನು ಮುಂಡರಗಿಯಲ್ಲಿದ್ದೆ. ಅಟ್ಟ ಬಿದ್ದು ಎಂಟು ತಿಂಗಳಾಗಿತ್ತು, ನಾನು ಇನ್ನೂ ಅಂಗಳದಲ್ಲೇ ನಿದ್ದೆಯಿಲ್ಲದೆ ಬೆಳಗು ಮಾಡುತ್ತಿದ್ದೆ. ಅವರ ಕಾರ್ಡು ಬಂತು: 'ಗುರುಪಾದಪ್ಪನ ಹುಕುಂ ಬಂದಿದೆ. ಬೆಟಗೇರಿಗೆ ಬಾ. ಟಪಾಲಿನಲ್ಲಿ ಕಳಿಸುವುದಲ್ಲ.'

ಅವನು ಬಗಲಿಗೆ ಕೋಲು ಕೊಟ್ಟುಕೊಂಡು ಬಾಗಿಲಿಗೇ ಬಂದ. ಸಾಹೇಬರು ಹುಕುಮನ್ನು ನನ್ನ ಕೈಗೆ ಕೊಟ್ಟು ಓದು ಎಂದರು. ಓದಿದೆ. ಖಾಯಂ, ಹಿಂದಿನ ಸೇವೆಯನ್ನು ಹಿಡಿದು. ಅವನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ಒಲೆಯ ಕಡೆ ಹೋದಳು. ಆಗ ನಾನು ಹೇಳಿದೆ, "ಗುರುಪಾದಪ್ಪ, ಆ ಬುಧವಾರದ ಸುದ್ದಿ ಹೇಳಿದಾಂವ ನಾನು."

"ಗೊತ್ತೈತಿ ತಗೋರಿ. ನಾಜರಸಾಹೇಬ್ರು ಅವತ್ತ ಹೇಳಿದ್ರು, ಬಿ.ಎ. ಹೇಳ್ಯಾನ ಅಂತ."

"ಮತ್ತ ದವಾಖಾನ್ಯಾಗ ಯಾಕ ಹೇಳಲಿಲ್ಲ?"

"ಹೇಳಿದ್ರ ಕಾಲು ಬರತಿತ್ತೇನ್ರಿ?" ಎಂದ. ಕೋಲು ಬದಿಗಿಟ್ಟು ಕೂತು, "ಖರೆ ಹೇಳ್ಲ್ಯಾ? ನೀವ ಬಂದು ಹೇಳತೀರಿ ಅಂತ ದಾರಿ ನೋಡಿನಿ. ಭಾಳ ತಡಾ ಮಾಡಿದ್ರಿ" ಎಂದ.

ನಾನು ತಲೆ ತಗ್ಗಿಸಿದೆ. ಸಾಹೇಬರು ನನ್ನ ನೆರವಿಗೆ ಬರಲಿಲ್ಲ. ಅವನೇ ಕೋಲು ಊರಿ ಎದ್ದು, "ಆತು, ಉಣ್ಣಾಕ ಏಳ್ರಿ. ರೊಟ್ಟಿ ಆರತಾವು" ಎಂದ.

ಬಿಸಿ ರೊಟ್ಟಿ, ಪುಂಡಿಪಲ್ಲೆ. ಉಂಡು ಕೈ ತೊಳೆದು ಪಡಸಾಲೆಯ ಗೋಡೆಗೆ ಬೆನ್ನು ಆನಿಸಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಒಳಗೆ ಮಗ್ಗ ಖಟಖಟ ಎನ್ನುತ್ತಿತ್ತು, ಬಾಗಿಲಲ್ಲಿ ಎಳೆಬಿಸಿಲು ಬಿದ್ದಿತ್ತು. ಮೇಲೆ ಮಣ್ಣಿನ ಮಾಳಿಗೆ. ಅದನ್ನು ಆಮೇಲೆ ಗಮನಿಸಿದೆ.

"ಎದ್ರೇನ್ರಿ?" ಎಂದಳು ಗುರುಪಾದಪ್ಪನ ಹೆಂಡತಿ ಮಗ್ಗ ನಿಲ್ಲಿಸಿ. "ನಿನ್ನೆ ಮಧ್ಯಾಹ್ನ ಮಲಗಿದವ್ರು. ರಾತ್ರಿ ಊಟಕ್ಕ ಎಬ್ಬಸೂಣು ಅಂದ್ರ ಸಾಹೇಬ್ರು ಎಬ್ಬಸಬ್ಯಾಡ್ರಿ ಅಂತ ಹೇಳಿ ಹೋಗಿದ್ರು. ಸೋಮವಾರ ಆತಲ್ರಿ, ನಿಮ್ಮ ಕಚೇರಿ?"

ತಲೆದೆಸೆಗೆ ಮಡಿಸಿದ ಒಂದು ಕಾಗದವಿತ್ತು. ಮುಂಡರಗಿಯ ಕಚೇರಿಗೆ ನನ್ನ ಪರವಾಗಿ ಸಾಹೇಬರು ಬರೆದಿಟ್ಟ ಒಂದು ದಿನದ ರಜೆಯ ಅರ್ಜಿ. ಕೆಳಗೆ ನಾನು ಸಹಿ ಮಾಡುವುದಷ್ಟೇ ಬಾಕಿ. ರಜೆಗೆ ಕಾರಣ ಎಂಬಲ್ಲಿ ಬೇರೆ ಯಾರಾದರೂ ಆಗಿದ್ದರೆ ಜ್ವರ ಎಂದೋ ಹೊಟ್ಟೆನೋವು ಎಂದೋ ಬರೆಯುತ್ತಿದ್ದರು. ಅವರು ತಮ್ಮ ದುಂಡು ಅಕ್ಷರಗಳಲ್ಲಿ 'ನಿದ್ದೆ' ಎಂದು ಬರೆದಿದ್ದರು.

ಗುರುಪಾದಪ್ಪನ ಹತ್ತಿರ ಪೆನ್ನು ಇಸಿದುಕೊಂಡು ಸಹಿ ಮಾಡಿದೆ.